ಕೆಂಪು ಟೇಪಿನ ಸ್ವಿಚ್

ಫ್ರೀಜರಿನ ಸ್ವಿಚ್ ಆಫ್ ಮಾಡಿದವರು ಹೊಟೇಲಿನ ಯಜಮಾನ ಮಂಜಯ್ಯ. ಕೆಲಸ ಕಳೆದುಕೊಂಡವಳು ಅಡುಗೆಮನೆಯ ಧನ್ಯಶ್ರೀ.

ವಾರದ ರಜೆ ಮುಗಿದು ಬಾಗಿಲು ತೆಗೆದ ಬೆಳಿಗ್ಗೆ, ನಾತ ಕೋಟ ಪೇಟೆಯ ಹೆದ್ದಾರಿಯವರೆಗೂ ಹೊಡೆಯುತ್ತಿತ್ತು. ಯಾರದೋ ಮನೆಯ ಮೆಹಂದಿ ಊಟಕ್ಕೆಂದು ತುಂಬಿಸಿಟ್ಟಿದ್ದ ಅಂಜಲ್, ಪಾಂಪ್ಲೆಟ್ ಮೀನು, ಚಟ್ಲಿ ಸಿಗಡಿ... ಎಲ್ಲವೂ ಮೆತ್ತಗಾಗಿ ಕೆಂಪು ನೀರಿನಲ್ಲಿ ತೇಲುತ್ತಿತ್ತು.

"ಮೊನ್ನೆ ಕೊನಿಗ್ ಹ್ವಾದವ್ಳ್ ಯಾರ್?" ಮಂಜಯ್ಯ ಗುಡುಗಿದರು.

"ನಾನೇ ಧಣಿ. ಆದ್ರೆ ನಾನ್ ಹೋಪ ಹೊತ್ತಿಗೆ ಫ್ರೀಜರ್ ಆನ್..."

"ಮಿಕ್ಸಿ ಆಫ್, ಗ್ರೈಂಡರ್ ಆಫ್, ಫ್ಯಾನ್ ಆಫ್! ಗೋಡೆ ಮೇಲೆ ಸ್ವಿಚ್ ಕಂಡ್ರೆ ಸಾಕ್, ಕೈ ತುರಿಸ್ತತ್ತಲ್ದಾ ನಿಂಗೆ? ನಮ್ ನಿತೇಶನೇ ಹೇಳ್ದ, ಅವ್ನ್ ಚಾರ್ಜರನ್ನೂ ಬಿಡುದಿಲ್ಲೆ ಅಂಬ್ರ್!"

ಧನ್ಯಶ್ರೀ ಕೌಂಟರಿನತ್ತ ತಿರುಗಿದಳು. ನಿತೇಶ್ ಹೇಳಿದ್ದಾ?

ಮಂಜಯ್ಯನವರ ತಂಗಿಯ ಮಗ ನಿತೇಶ್ ಕ್ಯಾಶ್ ಕೌಂಟರಿನ ಪಕ್ಕ ನಿಂತಿದ್ದ. ಕೈಯಲ್ಲಿ ಚಹಾ ಲೋಟ, ಕಣ್ಣು ನೆಲದ ಮೇಲೆ. ಅವನು ತಲೆ ಎತ್ತಲಿಲ್ಲ.

'ಒಂದ್ ಮಾತ್ ಹೇಳಿ... ಒಂದೇ ಒಂದ್ ಮಾತ್!' ಅವಳ ಕಣ್ಣು ಬೇಡಿತು.

ಅವನು ಲೋಟವನ್ನು ತುಟಿಗೆ ಒಯ್ದ.

ಧನ್ಯಶ್ರೀ ಏಪ್ರನ್ ಬಿಚ್ಚಿ ಗ್ರೈಂಡರಿನ ಮೇಲಿಟ್ಟಳು. ಬಾಗಿಲವರೆಗೆ ಹೋದವಳು ಅಭ್ಯಾಸಬಲದಿಂದ ತಿರುಗಿ ಬಂದು, ಯಾರೂ ಇಲ್ಲದ ಮೂಲೆಯಲ್ಲಿ ಸುಮ್ಮನೆ ತಿರುಗುತ್ತಿದ್ದ ಫ್ಯಾನನ್ನು ಆಫ್ ಮಾಡಿದಳು.

"ಕಾಣಿ, ಈಗ್ಲೂ ಬಿಟ್ಟಳಾ!" ಯಾರೋ ನಕ್ಕರು. ಆ ನಗು ಅವಳನ್ನು ಬಸ್ಸಿನವರೆಗೂ ಅಟ್ಟಿಸಿಕೊಂಡು ಬಂತು.

* * *

ಅವರಿಬ್ಬರ ಪರಿಚಯವೇ ಜಗಳದಿಂದ ಶುರುವಾಗಿತ್ತು.

ಮುಂಬೈಯಲ್ಲಿ ಮಾವನ ಇನ್ನೊಂದು ಹೊಟೇಲು ನೋಡಿಕೊಳ್ಳುತ್ತಿದ್ದ ನಿತೇಶ್ ಕೋಟಕ್ಕೆ ಬಂದಿಳಿದ ದಿನವೇ ಅಡುಗೆಮನೆಗೆ ನುಗ್ಗಿದ್ದ.

"ಹ್ವಾಯ್! ನನ್ನ ಚಾರ್ಜರ್ ಆಫ್ ಮಾಡ್ದವ್ರ್ ಯಾರ್?"

"ನಾನ್." ಮೀನಿಗೆ ಮಸಾಲೆ ಸವರುತ್ತಿದ್ದ ಧನ್ಯಶ್ರೀ ತಲೆ ಎತ್ತಲಿಲ್ಲ.

"ಎಂತಕೆ?"

"ಮೊಬೈಲ್ ನಿಮ್ ಕೈಯಂಗಿತ್ತ್. ವಯರ್ ಗೋಡೆಯಂಗಿತ್ತ್. ಬರೀ ವಯರಿಗ್ ಕರೆಂಟ್ ಕುಡ್ಸಿ ಎಂತ ಮಾಡುದ್?"

"ಬಾಪ್ ರೇ! ಮುಂಬೈಯಂಗ್ ಯಾರೂ ಹೀಂಗ್ ಮಾಡುದಿಲ್ಲೆ."

"ಇದ್ ಮುಂಬೈ ಅಲ್ಲ."

ಅವನು ಬಾಯಿ ಬಿಟ್ಟುಕೊಂಡು ನಿಂತ. ಗ್ರೈಂಡರ್ ಹತ್ತಿರವಿದ್ದ ಕಮಲಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

ಆಮೇಲೆ ಅವನು ಬೇಕೆಂದೇ ಚಾರ್ಜರ್ ಬಿಟ್ಟು ಹೋಗತೊಡಗಿದ. ಬೈಗುಳ ಕೇಳುವುದಕ್ಕೆ! ಅವಳಿಗೂ ಅದು ಗೊತ್ತಾಗಿತ್ತು. ಗೊತ್ತಾಗಿಯೂ ಬೈಯುತ್ತಿದ್ದಳು.

ಒಂದು ದಿನ ಅವನು ನಿಜವಾಗಿಯೇ ಕೇಳಿದ, "ಇಷ್ಟ್ ಎಂತಕೆ ಧನ್ಯಾ? ಕರೆಂಟ್ ಬಿಲ್ ನಿನ್ನದಲ್ಲ ಅಲ್ದಾ?"

ಅವಳು ಕೈ ಒರೆಸಿಕೊಂಡಳು.

"ನನ್ನ್ ಹೆತ್ತ ಅಬ್ಬಿ ಮುಂಚೆ ಒಂದ್ ದೊಡ್ಡ ಮನಿಯಂಗ್ ಕೆಲ್ಸಕ್ಕಿದ್ಲ್. ಗ್ರೈಂಡರ್ ತೊಳೂಕೆ ಕೈ ಹಾಕ್ದಳ್. ಗ್ರೈಂಡರಿನ್ ಗುಂಡಿ ಆಫ್ ಇತ್ತ್. ಗೋಡೆ ಸ್ವಿಚ್ ಆನ್ ಇತ್ತ್. ಕರೆಂಟ್ ಹೊಡ್ದದ್ದೇ... ಬಲಗೈಯ ಬೆರಳ್ ಇವತ್ತಿಗೂ ಬಗ್ಗುದಿಲ್ಲೆ." ಅವಳ ದನಿ ಗಟ್ಟಿಯಾಯಿತು. "ಸ್ವಿಚ್ ಬಿಟ್ಟ್ ಹ್ವಾದದ್ದ್ ಆ ಮನೆಯವ್ರ್. ತಪ್ಪ್ ಮಾತ್ರ ಅಬ್ಬಿದ್. ಒದ್ದೆ ಕೈ ಹಾಕ್ದಳ್ ಅಂಬ್ರ್!"

ಅವತ್ತು ಸಂಜೆ ನಿತೇಶ್ ಮೊಬೈಲು ಎತ್ತಿಕೊಂಡ. ಎರಡು ಹೆಜ್ಜೆ ಹೋಗಿ ತಿರುಗಿ ಬಂದ. ಯಾರೂ ನೋಡುತ್ತಿಲ್ಲ ಅಂದುಕೊಂಡು ಗೋಡೆಯ ಸ್ವಿಚ್ ಆಫ್ ಮಾಡಿದ.

ಧನ್ಯಶ್ರೀ ಬಾಗಿಲ ಸಂದಿಯಿಂದ ನೋಡಿದ್ದಳು. ಅವಳು ಸೋತದ್ದು ಆ ಕ್ಷಣದಲ್ಲಿ!

ಮರುದಿನ ಅವಳು ಫ್ರೀಜರಿನ ಸ್ವಿಚ್ಚಿಗೆ ಕೆಂಪು ಟೇಪು ಅಂಟಿಸಿದಳು. "ಉಳ್ದದ್ದೆಲ್ಲ ಆಫ್ ಮಾಡ್ಕ್. ಇದೊಂದನ್ ಯಾರೂ ಮುಟ್ಟೂಕಾಗ." ಟೇಪಿನ ಸುರುಳಿ ಹಿಡಿದು ನಿಂತವನು ನಿತೇಶನೇ. ಅವಳು ಹಲ್ಲಿನಲ್ಲಿ ಟೇಪು ಕಚ್ಚಿ ಹರಿಯುವಾಗ ಅವಳ ಉಸಿರು ಅವನ ಬೆರಳಿಗೆ ತಾಗಿತ್ತು...

ಅದೇ ನಿತೇಶ್! ಅದೇ ಚಾರ್ಜರಿನ ಮಾತನ್ನು ಮಾವನಿಗೆ ಹೇಳಿದ್ದ.

* * *

ಕೋಟ, ಸಾಲಿಗ್ರಾಮ, ಬ್ರಹ್ಮಾವರ... ಎಲ್ಲಿ ಕೆಲಸ ಕೇಳಿದರೂ ಒಂದೇ ಪ್ರಶ್ನೆ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತಿತ್ತು.

"ಫ್ರೀಜರ್ ಆಫ್ ಮಾಡ್ ಹ್ವಾದ ಹೆಣ್ ಅಲ್ದಾ ನೀನ್?"

ಕೆಲಸ ಹೋದದ್ದಕ್ಕಿಂತ ಆ ಹೆಸರು ಅವಳನ್ನು ಹೆಚ್ಚು ಸುಡುತ್ತಿತ್ತು. ಮನೆಯಲ್ಲಿ ಒಂದು ಲೈಟನ್ನೂ ಸುಮ್ಮನೆ ಉರಿಯಲು ಬಿಡದವಳು ಬೇಜವಾಬ್ದಾರಿಯವಳಂತೆ!

ಕೊನೆಗೆ ಬ್ರಹ್ಮಾವರದ ಮೀನು ಮಾರ್ಕೆಟಿನಲ್ಲಿ ತಾಯಿ ರತ್ನಳ ಪಕ್ಕ ಕೂತು ಮೀನು ಕೊಯ್ಯತೊಡಗಿದಳು. ಅಲ್ಲಿಗೇ ಬಂದ ನಿತೇಶ್. ಗಡ್ಡ ಬಿಟ್ಟಿದ್ದ.

ರತ್ನ ತಲೆ ಎತ್ತಿದಳು. "ಮೀನ್ ಬೇಕಾದ್ರೆ ತಕಾ. ಇಲ್ದಿರೆ ಬದಿಗ್ ನಿಲ್, ಬೆಳ್ಕಿಗ್ ಅಡ್ಡ."

"ಧನ್ಯನ್ ಹತ್ರ ಮಾತಾಡ್ಕಿತ್ತ್ ಅಕ್ಕಾ."

"ಅವ್ಳಿಗ್ ಕಿವಿ ಇತ್ತ್. ಇಲ್ಲೇ ಮಾತಾಡ್."

ಅವನು ಬಗ್ಗಿ ಕೂತ. "ಧನ್ಯಾ, ಮಾವನ್ ಹತ್ರ ಆ ಮಾತ್ ನಾನ್ ತಮಾಷಿಗ್ ಹೇಳದ್ದ್. ನಿನ್ನ್ ಸುದ್ದಿ ಮಾತಾಡೂಕೆ ಒಂದ್ ನೆಪ ಬೇಕಿತ್ತ್, ಅಷ್ಟೇ! ಅದ್ ನಿನ್ನ್ ಕುತ್ತಿಗಿಗ್ ಬತ್ತ್ ಅಂತ ಗೊತ್ತಿರ್ಲಿಲ್ಲೆ. ನೀ ಆ ಸ್ವಿಚ್ ಮುಟ್ಲಿಲ್ಲೆ, ನಂಗೊತ್ತ್. ಕೆಂಪ್ ಟೇಪ್ ಅಂಟ್ಸದವ್ಳೇ ಆಫ್ ಮಾಡ್ತಳಾ?"

ಕತ್ತಿಯ ಮೇಲಿನ ಅವಳ ಕೈ ನಿಂತಿತು. "ಇದನ್ ಅವತ್ತ್ ಎಲ್ಲರೆದ್ರಿಗ್ ಎಂತಕೆ ಹೇಳ್ಲಿಲ್ಲೆ?"

"ಅಪ್ಪ ಹ್ವಾದ್ಮೇಲ್ ಸಾಕದ್ದ್ ಮಾವ. ಅವ್ರೆದ್ರಿಗ್..."

"ಅವ್ರೆದ್ರಿಗ್ ಬಾಯಿಲ್ಲೆ. ಮೀನ್ ಮಾರ್ಕೆಟಂಗ್ ಬಾಯಿ ಬತ್ತಾ?" ಅವಳ ಕಣ್ಣು ತುಂಬಿತು. "ಇಲ್ಲ್ ಹೇಳದ್ ನಂಗ್ ಬ್ಯಾಡ. ಅಲ್ಲ್ ಹೇಳ್ಕಿತ್ತ್!"

ಅವನ ಮುಖ ಕಪ್ಪಿಟ್ಟಿತು. ಬಂದ ವಿಷಯ ಇನ್ನೂ ಉಳಿದಿತ್ತು, ಅದನ್ನೂ ಹೇಳಿದ. ಅವಳು ಹೋದ ಮೇಲೆ ಹುಳಿಖಾರದ ಮೀನಿನ ಪುಳಿಮುಂಚಿ ಸರಿಯಿಲ್ಲವೆಂದು ಗಿರಾಕಿಗಳು ದೂರುತ್ತಿದ್ದರು. ಮಂಜಯ್ಯ ಹೇಳಿ ಕಳಿಸಿದ್ದರು: ಬಂದು ಎಲ್ಲರೆದುರು ತಪ್ಪಾಯ್ತು ಅಂದರೆ ಕೆಲಸ ವಾಪಸ್.

ಅವನು ಹೋದ ಮೇಲೆ ರತ್ನ ಮೆಲ್ಲಗೆ ಅಂದಳು, "ಹೇಳುದ್ ಬಿಡುದ್ ನಿನ್ನಿಷ್ಟ ಮಗಾ. ನಾನ್ ಆ ದೊಡ್ಡ ಮನಿಯಂಗ್ ತಪ್ಪಾಯ್ತ್ ಅಂತ ಹೇಳೇ ಬಂದೆ." ಬಲಗೈಯನ್ನು ಮಗಳ ಮುಂದೆ ಹಿಡಿದಳು. "ಬೆರಳ್ ಬಗ್ತಾ?"

* * *

ಧನ್ಯಶ್ರೀ ಹೊಟೇಲಿನ ಮೆಟ್ಟಿಲು ಹತ್ತಿದಾಗ ಮೂಡಣದಲ್ಲಿ ಮೋಡ ಕಟ್ಟಿತ್ತು. ಮಳೆಗಾಲ ಮುಗಿದ ಮೇಲೆ ಬರುವ ಸಂಜೆಯ ಗುಡುಗಿನ ಸಮಯ. ಎಲ್ಲರೂ ಸಾಲಾಗಿ ನಿಂತಿದ್ದರು. ಮೂಲೆಯಲ್ಲಿ ಹೊಸ ಮೀನು ತುಂಬಿದ ಫ್ರೀಜರು ಗುರ್ ಎನ್ನುತ್ತಿತ್ತು.

ನಿತೇಶ್ ಅವಳನ್ನೇ ನೋಡುತ್ತಿದ್ದ. ಅವಳು ನೋಡಲಿಲ್ಲ.

"ಹ್ಞಾ, ಬಂದ್ಯಾ?" ಮಂಜಯ್ಯ ಕುರ್ಚಿಗೆ ಒರಗಿದರು. "ಎಲ್ಲರಿಗೂ ಕೇಂಬಾಂಗೆ ಹೇಳ್. ತಪ್ಪಾಯ್ತ್ ಅಂತ. ಮತ್ತೆ ಒಳಗ್ ಹೋಗ್..."

ಢಮಾರ್!

ತೆಂಗಿನ ತೋಟದ ಆಚೆ ಸಿಡಿಲು ಬಡಿಯಿತು. ಕಿಟಕಿಯ ಗಾಜು ನಡುಗಿತು.

ಒಂದು ಗುಡುಗಿಗೆ ಇಡೀ ಊರೇ ಪ್ಲಗ್ ಕೀಳಲು ಓಡುತ್ತದೆ. ಆದರೆ ಮಂಜಯ್ಯನವರ ಭಯವೇ ಬೇರೆ. ಕಣ್ಣು ಮುಚ್ಚಿ, ಅರ್ಜುನನ ಹತ್ತು ಹೆಸರು ಗುನುಗುತ್ತಾ, ಎದ್ದವರೇ ಗೋಡೆಯತ್ತ ಓಡಿದರು. ಸಾಲು ಸ್ವಿಚ್ಚುಗಳ ಮೇಲೆ ಅಂಗೈಯನ್ನು ಒಂದೇ ಸಲಕ್ಕೆ ಸವರಿಬಿಟ್ಟರು. ಟಕ್, ಟಕ್, ಟಕ್, ಟಕ್...

ಕೊನೆಯ ಟಕ್ ಕೆಂಪು ಟೇಪಿನದು.

ಫ್ರೀಜರಿನ ಗುರ್ ನಿಂತಿತು.

ಕಮಲಕ್ಕನೇ ಮೊದಲು ಬಾಯಿ ಬಿಟ್ಟಳು, "ಅಯ್ಯಬ್ಬೇ... ಅಂದ್ರೆ ಅವತ್ತ್ ರಾತ್ರಿ ಬೀಗ ಹಾಕ್ವ ಹೊತ್ತಿಗ್ ಗುಡುಗದಾಗ್ಲೂ..."

ಮಂಜಯ್ಯ ಕಣ್ಣು ತೆರೆದರು. ತಮ್ಮ ಕೈಯನ್ನೇ ನೋಡಿಕೊಂಡರು. "ಎಂತ ಕಾಂಬುದ್? ಗುಡುಗಿಗ್ ಎಲ್ಲರೂ ಮಾಡ್ತ್ರ್!"

"ಮಾಡ್ತ್ರ್ ಮಾವ." ನಿತೇಶ್ ಕೌಂಟರ್ ದಾಟಿ ಬಂದ. "ಮಾಡಿ ಬೇರೆಯವ್ರ್ ತಲೆ ಮೇಲ್ ಹಾಕುದಿಲ್ಲೆ. ನಿಮ್ಗ್ ಅವತ್ ಬೆಳಿಗ್ಗೆಯೇ ಗೊತ್ತಿತ್ತ್ ಅಲ್ದಾ?"

"ಯಜಮಾನ ತಪ್ಪ್ ಮಾಡ್ದ ಅಂದ್ರೆ ನಾಳೆ ಯಾರ್ ನನ್ ಮಾತ್ ಕೇಂತ್ರ್?" ಬಾಯಿ ತಪ್ಪಿ ಬಂದಿತ್ತು ಆ ಮಾತು. ಅವರ ಮುಖ ಕೆಂಪಾಯಿತು. "ನನ್ನ್ ಅನ್ನ ಉಂಡ್ ಬೆಳ್ದವ ನೀನ್!"

"ಹೌದ್. ಅದ್ಕೇ ಅವತ್ತ್ ಸುಮ್ನಿದ್ದೆ. ನಾ ಜೀವ ಇಟ್ಕಂಡ ಹೆಣ್ ತಲಿ ತಗ್ಸಿ ಹೊರಗ್ ಹೋಪ ಹೊತ್ತಿಗೆ ಚಾ ಕುಡ್ಕಂಡ್ ನಿಂತಿದ್ದೆ! ಅವತ್ತಿಂದ ನಂಗ್ ಅನ್ನ ಇಳೀತಿಲ್ಲೆ ಮಾವ."

ಧನ್ಯಶ್ರೀಯ ಕಿವಿಯಲ್ಲಿ ಗುಡುಗಿನ ಸದ್ದೆಲ್ಲ ಅಳಿಸಿಹೋಯಿತು. ಅವನು ಹೇಳಿದ್ದ! ಎಲ್ಲಿ ಹೇಳಬೇಕಿತ್ತೋ ಅಲ್ಲೇ...

ಮೋಡ ಕಡಲಿನತ್ತ ಸರಿಯಿತು. ಮಂಜಯ್ಯ ಸೆಕೆಯಾದವರಂತೆ ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಂಡರು.

"ಸರಿ ಸರಿ, ಆದದ್ದ್ ಆಯ್ತ್. ನೀ ತಪ್ಪಾಯ್ತ್ ಅಂಬುದೂ ಬ್ಯಾಡ. ಗುಡುಗ್ ಹ್ವಾಯ್ತಲ್ಲ, ಆ ಸ್ವಿಚ್ ಹಾಕ್, ಒಳಗ್ ಹೋಗ್. ಮೀನ್ ಹಾಳಾತ್ತ್!"

ಅಭ್ಯಾಸದ ಕೈ ತಾನಾಗಿಯೇ ಎದ್ದಿತು. ಒಂದು ಸ್ವಿಚ್! ಒತ್ತಿದರೆ ಕೆಲಸ, ಸಂಬಳ, ಎಲ್ಲ ಮೊದಲಿನ ಹಾಗೆ... ಅವರ ತಪ್ಪು ಮಾತ್ರ ಯಾರ ಬಾಯಲ್ಲೂ ಇರುವುದಿಲ್ಲ. ಅಬ್ಬಿಯ ಬಗ್ಗದ ಬೆರಳು ಕಣ್ಣ ಮುಂದೆ ಬಂತು.

ಕೈ ಕೆಳಗಿಳಿಯಿತು.

"ನಾನ್ ಹಾಕ್ತಿಲ್ಲೆ."

"ಎಂತ?"

"ಆಫ್ ಮಾಡ್ದವ್ರೇ ಹಾಕ್ಲಿ, ಮಂಜಯ್ಯಣ್ಣ." ಅವಳು ಧಣಿ ಅನ್ನಲಿಲ್ಲ. "ನಾನೇ ಆಫ್ ಮಾಡದ್ದ್ ಅಂತ ಎಲ್ಲರೆದ್ರಿಗ್ ಹೇಳಿ, ಹಾಕ್ಲಿ."

ನಿತೇಶ್ ಬಂದು ಅವಳ ಪಕ್ಕ ನಿಂತ.

"ಇಲ್ಲೇ ನಿಂತ್ಕಂಬ್ದಾ?" ಅವಳಿಗಷ್ಟೇ ಕೇಳುವಂತೆ ಕೇಳಿದ.

"ಹ್ಞೂಂ."

"ಕೈ ಹಿಡ್ಕಂಬ್ದಾ?"

"ಎಲ್ಲರೂ ಕಾಣ್ತಿದ್ರ್..."

"ಕಾಣ್ಲಿ. ಅವತ್ತೇ ಕಾಂಬ್ಕಿತ್ತ್."

ಮೀನು, ಮಸಾಲೆ, ಸೋಪಿನ ವಾಸನೆಯ ಅವಳ ಒರಟು ಅಂಗೈ ಅವನ ಕೈಯೊಳಗೆ ಮೆಲ್ಲಗೆ ಮಡಚಿಕೊಂಡಿತು. ಫ್ರೀಜರಿನ ಮುಚ್ಚಳದ ಅಂಚಿನಲ್ಲಿ ನೀರಿನ ಒಂದು ಹನಿ ಮೂಡಿತ್ತು.

"ನಿತೇಶಾ!" ಮಂಜಯ್ಯ ಕೂಗಿದರು. "ಹುಚ್ಚಾಟ ಸಾಕ್! ನೀನಾದ್ರೂ ಹಾಕಾ ಸ್ವಿಚ್ಚ್!"

ನಿತೇಶ್ ಅವಳ ಮುಖ ನೋಡಿದ. ಅವಳು ಈ ಸಲ ಕಣ್ಣು ತಪ್ಪಿಸಲಿಲ್ಲ.

"ಇಲ್ಲೆ ಮಾವ," ಅವನೆಂದ. "ನಾನೂ ಹಾಕ್ತಿಲ್ಲೆ."