ಜಗಲಿ ಎಂಬ ಹೆಸರಿನ ಯಂತ್ರಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರುದಾರ ಕೂರಲು ಒಪ್ಪಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದ.

“ನಮ್ಮಕ್ಕ ರಿಟೈರ್ ಆಗೋವರೆಗೂ ರೈಲ್ವೆ ಸ್ಟೇಷನ್ನಲ್ಲಿ ಅನೌನ್ಸ್ ಮಾಡ್ತಿದ್ಳು ಮೇಡಂ. ಈಗ ಅವಳ ಬಾಯಿಂದ ಒಂದಕ್ಷರ ಹೊರಡ್ತಿಲ್ಲ.”

ಒಂಟಿಯಾಗಿದ್ದ ಅಕ್ಕನಿಗೆ ಶನಿವಾರ ಸಂಜೆ ಪಾರ್ಶ್ವವಾಯು ಬಡಿದಿತ್ತು. ಹೇಗೋ ಫೋನು ಹಿಡಿದು ತಮ್ಮನೊಡನೆ ತೊದಲಿದ್ದಳು. ಬೇರೆ ಊರಿನಲ್ಲಿದ್ದ ಅವನು ಅಲ್ಲಿಂದಲೇ ಆಂಬುಲೆನ್ಸ್ ಕಂಪನಿಗೆ ಮೇಲಿಂದ ಮೇಲೆ ಕರೆ ಮಾಡಿದ. ಬಹಳ ಹೊತ್ತು ಕರೆ ಸೇರಲೇ ಇಲ್ಲ. ಕೊನೆಗೆ ಸೇರಿ ಗಾಡಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಜೀವ ಉಳಿಯಿತು, ಮಾತು ಹೋಯಿತು.

“ಕಂಪನಿಯವರು ಏನಂದ್ರು?” ಇನ್‌ಸ್ಪೆಕ್ಟರ್ ಕೇಳಿದರು.

“ಸಿಸ್ಟಂ ಪ್ರಾಬ್ಲಂ ಅಂದ್ರು. ಯಾರನ್ನ ಕೇಳಿದ್ರೂ ಅದೊಂದೇ ಮಾತು.”

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ದೂರನ್ನು ಮತ್ತೊಮ್ಮೆ ಓದಿದರು. ‘ಒಂಟಿಯಾಗಿ ವಾಸ’ ಎಂಬಲ್ಲಿ ಕಣ್ಣು ನಿಂತಿತು. ಅವರ ಕ್ವಾರ್ಟರ್ಸಿನಲ್ಲಿಯೂ ಕಾಯುವವರು ಯಾರೂ ಇರಲಿಲ್ಲ. ಮನೆಗೆ ಹೋದ ಕೂಡಲೇ ಟಿ.ವಿ. ಹಾಕುವುದು ರೂಢಿ. ನೋಡುವುದಕ್ಕಲ್ಲ, ಮನೆಯಲ್ಲಿ ಮನುಷ್ಯರ ಸದ್ದಿರಲಿ ಎಂದು.

ಮಧ್ಯಾಹ್ನ ದಫೇದಾರರೊಂದಿಗೆ ಆಂಬುಲೆನ್ಸ್ ಕಂಪನಿಗೆ ಹೋದರು. ಮಾಲೀಕ ನೀರು ಕುಡಿಯುತ್ತಲೇ ಇದ್ದ. ಉತ್ತರ ಕೊಟ್ಟವಳು ಅಲ್ಲಿನ ಇಂಜಿನಿಯರ್.

“ನಮ್ಮ ಸ್ವಂತ ಕಂಪ್ಯೂಟರುಗಳಿಲ್ಲ ಮೇಡಂ. ಕ್ಲೌಡ್ ಕಂಪನಿಯಲ್ಲಿ ನಮಗೊಂದು ಖಾತೆ ಇದೆ, ಅಲ್ಲಿಂದ ಬಾಡಿಗೆಗೆ ತಗೋತೀವಿ. ಕರೆ ಜಾಸ್ತಿ ಬಂದ್ರೆ ಹೆಚ್ಚಿನ ಯಂತ್ರಗಳು ತಾವಾಗೇ ಶುರುವಾಗ್ತವೆ.”

“ಮದುವೆ ಮನೆಗೆ ಜನ ಹೆಚ್ಚಾದ್ರೆ ಕುರ್ಚಿ ತರಿಸಿದ ಹಾಗೆ,” ದಫೇದಾರರು ತಲೆಯಾಡಿಸಿದರು.

“ಹಾಗೇ ಅನ್ಕೊಳ್ಳಿ. ಶನಿವಾರ ಸಂಜೆ ಹೆದ್ದಾರಿಯಲ್ಲಿ ಬಸ್ಸು ಮಗುಚಿ ಒಂದೇ ಸಮನೆ ಕರೆ ಬಂತು. ಕುರ್ಚಿ ಕೇಳಿದ್ವಿ. ನಿಮ್ಮ ಪಾಲಿಂದೆಲ್ಲ ಆಗಲೇ ಕೊಟ್ಟಾಗಿದೆ ಅಂತ ಉತ್ತರ ಬಂತು.”

“ಯಾರಿಗೆ ಕೊಟ್ಟಿದ್ರು?”

“ನಮ್ಮ ಖಾತೆಗೇ. ಆದ್ರೆ ತಗೊಂಡಿದ್ದು ನಾವಲ್ಲ.”

ಅವಳು ಪರದೆ ತಿರುಗಿಸಿದಳು. ಯಾವ ಯಂತ್ರ ಯಾವಾಗ ಹುಟ್ಟಿತು, ಖಾತೆ ತೆರೆಯುವ ಯಾವ ಗುಪ್ತಕೀಲಿಯಿಂದ ಹುಟ್ಟಿತು ಎಂಬುದೆಲ್ಲ ಅಲ್ಲಿತ್ತು. ದಿನಾ ಸಂಜೆ ಆರಕ್ಕೆ ಕೆಲವು ಯಂತ್ರಗಳು ಏಳುತ್ತಿದ್ದವು, ಒಂಬತ್ತಕ್ಕೆ ಅಳಿಯುತ್ತಿದ್ದವು. ಎಲ್ಲಕ್ಕೂ ಒಂದೇ ಹೆಸರು: ಜಗಲಿ. ಶನಿವಾರ ಮಾತ್ರ ಅವು ಎರಡರಷ್ಟಾಗಿದ್ದವು.

“ಕೈಯಿಂದ ಮಾಡಿದ್ದಲ್ಲ ಇದು. ಪ್ರೋಗ್ರಾಂ ಬರೆಯೋರಿಗೆ ಲೈಬ್ರರಿ ಅಂತ ಮೊದಲೇ ಬರೆದಿಟ್ಟ ಸಿದ್ಧ ತುಣುಕುಗಳಿರ್ತವೆ. ಖಾತೆಯ ಕೀಲಿ ಕೊಟ್ಟು, ಎಷ್ಟು ಯಂತ್ರ ಬೇಕು ಅಂತ ನಾಲ್ಕು ಸಾಲು ಬರೆದ್ರೆ ಮುಗೀತು. ಬೇರೆ ಬೇರೆ ಖಾತೆಗಳನ್ನ ಒಂದೇ ಪ್ರೋಗ್ರಾಮಿಗೆ ಜೋಡಿಸಬಹುದು. ಇಲ್ಲಿ ನಮ್ಮ ಖಾತೆಗೆ ಇನ್ಯಾರದೋ ಸ್ವಂತ ಖಾತೆ ಜೋಡಿಸಿದ್ದಾರೆ.”

“ನಿಮ್ಮ ಕೀಲಿ ಯಾರ ಕೈಲಿತ್ತು?”

ಆಗ ಮಾಲೀಕ ಬಾಯಿ ಬಿಟ್ಟ. ರೋಗಿಗಳ ಮನೆಯವರು ಪರಸ್ಪರ ಮಾತಾಡಿಕೊಳ್ಳಲಿ ಎಂದು ಕಂಪನಿ ಹಿಂದೆ ಇಂಟರ್ನೆಟ್‌ನಲ್ಲಿ ‘ಜಗಲಿ’ ಎಂಬ ಧ್ವನಿಕೋಣೆ ನಡೆಸುತ್ತಿತ್ತು. ಜನ ಕಡಿಮೆಯಾದರೆಂದು ಮುಚ್ಚಿದರು. ಅದನ್ನು ಕಟ್ಟಿದವನನ್ನೂ ಕೆಲಸದಿಂದ ತೆಗೆದರು.

“ಮನುಷ್ಯನನ್ನ ತೆಗೆದ್ರಿ, ಕೀಲಿ ರದ್ದು ಮಾಡಲಿಲ್ಲ,” ಎಂದರು ಇನ್‌ಸ್ಪೆಕ್ಟರ್. ಮಾಲೀಕ ಮತ್ತೆ ನೀರಿನ ಲೋಟಕ್ಕೆ ಕೈಹಾಕಿದ.

ಆಳು ಸಿಗುವವರೆಗೆ ಹಳೆಯ ಕೀಲಿ ಹಾಗೇ ಇರಲಿ, ಕರೆಗಳಿಗೆ ಬೇಕಾದ ಯಂತ್ರಗಳನ್ನು ಮೊದಲೇ ಕಾದಿರಿಸಿಕೊಳ್ಳಿ ಎಂದು ಹೇಳಿ ಬಂದರು. ಕ್ಲೌಡ್ ಕಂಪನಿಗೆ ನೋಟಿಸು ಹೋಯಿತು. ಎರಡನೆಯ ಖಾತೆ ಆ ಹಳೆಯ ನೌಕರನದೇ ಎಂದು ಗುರುವಾರ ಉತ್ತರ ಬಂತು, ಜತೆಗೆ ವಿಳಾಸವೂ. ಅದೇ ಸಂಜೆ ಶೋಧನಾ ವಾರಂಟ್ ಹಿಡಿದು ಹೊರಟರು.

ಹಳೆಯ ಕಟ್ಟಡದ ಮೂರನೆಯ ಮಹಡಿ. ಪಂಚರಾಗಿ ಎದುರು ಮನೆಯ ದಂಪತಿಯನ್ನು ಕರೆದರು. ಹೆಂಡತಿ ಮುಚ್ಚಿದ ಬಾಗಿಲನ್ನೇ ನೋಡುತ್ತ, “ಅಲ್ಲಿ ಯಾರೂ ಇಲ್ಲ ಅಂತ ಅನ್ಕೊಂಡಿದ್ವಿ,” ಎಂದಳು. ಅವರು ಅಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು.

ಬಾಗಿಲು ತಟ್ಟಿದ ಕೂಡಲೇ ತೆರೆಯಿತು. ನಲವತ್ತರ ಆಸುಪಾಸಿನ ಬಡಕಲು ಆಳು. ಸಮವಸ್ತ್ರ ನೋಡಿಯೂ ಅವನು ಹಿಂದೆ ಸರಿಯಲಿಲ್ಲ. ಒಳಗೆ ಒಂದು ಮಂಚ, ಒಂದು ಕುರ್ಚಿ, ಬಚ್ಚಲ ಬಳಿ ತೊಳೆದು ಕವುಚಿದ ಒಂದು ತಟ್ಟೆ. ಮೇಜಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪಿನಿಂದ ಮಾತು ಕೇಳಿಬರುತ್ತಿತ್ತು.

“ಪ್ಲಾಟ್‌ಫಾರಂ ಅಕ್ಕ ಇವತ್ತೂ ಬರಲಿಲ್ವಲ್ಲ,” ಎಂದಿತು ಒಂದು ಹೆಣ್ಣುದನಿ.

“ಊರಿಗೆ ಹೋಗಿರಬೇಕು ಬಿಡಮ್ಮಾ,” ಎಂದು ಮುದುಕರೊಬ್ಬರು ಕೆಮ್ಮಿದರು. “ಬಂದ್ರೆ ಮೊದಲು ಒಂದು ಗಾಡಿ ಬಿಡಿಸ್ಬೇಕು ಅವಳ ಕೈಲಿ.”

ಜಪ್ತಿಗೆಂದು ಚಾಚಿದ್ದ ಇನ್‌ಸ್ಪೆಕ್ಟರ್ ಕೈ ಅಲ್ಲೇ ನಿಂತಿತು.

“ಯಾರದು, ಪ್ಲಾಟ್‌ಫಾರಂ ಅಕ್ಕ?”

“ಹೆಸರು ಗೊತ್ತಿಲ್ಲ,” ಎಂದ ಅವನು. ಬಹಳ ದಿನ ಬಳಸದ ಗಂಟಲು, ಮಾತು ತಡೆದು ತಡೆದು ಬಂತು. “ಸ್ಟೇಷನ್ನಲ್ಲಿ ಅನೌನ್ಸ್ ಮಾಡ್ತಿದ್ರಂತೆ. ಇವರೆಲ್ಲ ಕೇಳಿದಾಗ ಹಳೇ ಗಾಡಿಗಳ ಹೆಸರು ಹೇಳ್ತಿದ್ರು. ಇಂಥ ಗಾಡಿ ಇಂಥ ಪ್ಲಾಟ್‌ಫಾರಮ್ಮಿಗೆ ಬರ್ತಿದೆ ಅಂತ. ಎಲ್ಲರೂ ಸುಮ್ಮನೆ ಕೇಳ್ತಿದ್ರು.”

“ಕಂಪನಿ ಖಾತೆ ಯಾಕೆ ಬಳಸಿದ್ರಿ?”

“ಜಗಲಿ ಕಟ್ಟಿದ್ದು ಸಾವಿರಾರು ಜನಕ್ಕೆ ಅಂತ. ನನ್ನ ಖಾತೆಯೊಂದರಲ್ಲೇ ಏಳ್ತಿರಲಿಲ್ಲ. ಹಳೇ ಕೀಲಿ ಹಾಕಿ ನೋಡಿದೆ, ತೆರೀತು. ಎರಡನ್ನೂ ಜೋಡಿಸಿದೆ. ತಪ್ಪು ಅಂತ ಗೊತ್ತಿತ್ತು.”

“ಶನಿವಾರ ಯಂತ್ರ ಯಾಕೆ ಹೆಚ್ಚು ಮಾಡಿದ್ರಿ?”

“ಶುಕ್ರವಾರ ಅಕ್ಕನ ದನಿ ಒಡೀತಿತ್ತು. ಮಧ್ಯೆ ಮಧ್ಯೆ ನುಂಗಿದ ಹಾಗೆ. ಯಂತ್ರಕ್ಕೆ ಭಾರ ಆಗಿದೆ ಅನ್ಕೊಂಡೆ. ಸ್ವಚ್ಛವಾಗಿ ಕೇಳಲಿ ಅಂತ ಎರಡರಷ್ಟು ಏಳಿಸಿದೆ.” ಅವನು ಪರದೆಯತ್ತ ನೋಡಿದ. “ಅವತ್ತಿಂದ ಅವರು ಬಂದೇ ಇಲ್ಲ.”

ದಫೇದಾರರು ಇನ್‌ಸ್ಪೆಕ್ಟರ್ ಮುಖ ನೋಡಿದರು. ಹೇಳದೆ ಇರಬಹುದಿತ್ತು, ಆರೋಪಪಟ್ಟಿಯಲ್ಲಿ ಅವನೇ ಓದಿಕೊಳ್ಳುತ್ತಿದ್ದ. ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಅವನನ್ನು ಕೂರಿಸಿದರು. ಬಸ್ಸು ಮಗುಚಿದ್ದು, ಸಿಗದ ಯಂತ್ರಗಳು, ಸೇರದ ಕರೆ, ಆಸ್ಪತ್ರೆಯ ಹಾಸಿಗೆ, ಎಲ್ಲವನ್ನೂ ಒಂದೊಂದಾಗಿ ಹೇಳಿದರು.

ಅವನು ಅಳಲಿಲ್ಲ. ಎರಡೂ ಅಂಗೈ ಮೊಣಕಾಲ ಮೇಲಿಟ್ಟು ಕೇಳಿದ. ಕೊನೆಗೆ, “ಇವರಿಗೆ ಯಾರು ಹೇಳ್ತಾರೆ?” ಎಂದ.

“ನೀವೇ ಹೇಳಿ. ಪಂಚರ ಎದುರಿಗೆ, ದಾಖಲಾಗುತ್ತೆ.”

ಅವನು ಮೈಕಿನ ಗುಂಡಿ ಒತ್ತಿದ. ಅಷ್ಟು ದಿನ ಒಮ್ಮೆಯೂ ಒತ್ತಿರಲಿಲ್ಲ.

“ನಮಸ್ಕಾರ. ನಾನು… ನಾನು ಇಲ್ಲೇ ಇದ್ದೆ, ದಿನಾ.”

ಅತ್ತ ಕಡೆ ಎಲ್ಲರೂ ಸುಮ್ಮನಾದರು. “ಯಾರಪ್ಪಾ ನೀನು?” ಎಂದರು ಮುದುಕರು.

“ಜಗಲಿ ನಡೆಸ್ತಿದ್ದವನು. ಅಕ್ಕ ಆಸ್ಪತ್ರೆಯಲ್ಲಿದ್ದಾರೆ. ಮಾತು ಹೋಗಿದೆ. ಆಂಬುಲೆನ್ಸಿಗೆ ಬೇಕಿದ್ದ ಯಂತ್ರ ನಾನು ಇಟ್ಕೊಂಡಿದ್ದೆ, ಅದಕ್ಕೇ ತಡವಾಯ್ತು. ಇವತ್ತಿಗೆ ಇದು ಮುಚ್ಚುತ್ತೆ.”

ಪರದೆಯ ಮೇಲೆ ಒಂದು ಹೆಸರು ಆರಿತು. ಉಳಿದವರು ಹೋಗಲಿಲ್ಲ. ಮುದುಕರು ಎಂದಿನಂತೆ ಮೊದಲು ಕೆಮ್ಮಿ, “ಯಾವ ಆಸ್ಪತ್ರೆ?” ಎಂದು ಕೇಳಿದರು.

ಅವನಿಗೆ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಬಗ್ಗಿ ಆಸ್ಪತ್ರೆಯ ಹೆಸರು, ವಾರ್ಡು, ನೋಡಲು ಬಿಡುವ ವೇಳೆ ಹೇಳಿದರು. ಪಂಚನಾಮೆಗೆ ಸಹಿಯಾಯಿತು. ಲ್ಯಾಪ್‌ಟಾಪ್ ಮುಚ್ಚಿ ಮೊಹರು ಹಾಕಿದರು. ರಾತ್ರಿ ಎಂಟಕ್ಕೆ ಅವನನ್ನು ಬಂಧಿಸಿ ಜೀಪು ಹತ್ತಿಸಿದರು.

“ಒಂದು ಸಲವಾದರೂ ಮಾತಾಡಬಹುದಿತ್ತಲ್ಲ?” ದಾರಿಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

“ಹೊಸಬರು ಬಂದ್ರು ಅಂತ ಅವರು ಸುಮ್ಮನಾಗಿಬಿಟ್ರೆ ಅಂತ ಭಯ ಮೇಡಂ. ಕೆಲಸ ಹೋದ ಮೇಲೆ ಬೇರೆ ದನಿ ಕೇಳಿರಲಿಲ್ಲ.”

ಮರುದಿನ ನ್ಯಾಯಾಲಯಕ್ಕೆ ಕರೆದೊಯ್ಯುವ ಮುನ್ನ ದೂರುದಾರನ ಫೋನು ಬಂತು. ಅಕ್ಕನನ್ನು ನೋಡಲು ಗುರುತಿಲ್ಲದ ಮೂವರು ಬಂದಿದ್ದಾರೆ, ಯಾರೆಂದು ತಿಳಿಯುತ್ತಿಲ್ಲ, ಅಕ್ಕ ಮಾತ್ರ ಅವರ ಕೈ ಬಿಡುತ್ತಿಲ್ಲ ಎಂದ. “ಬೇಕಾದವರೇ. ಇರಲಿ ಬಿಡಿ,” ಎಂದು ಇನ್‌ಸ್ಪೆಕ್ಟರ್ ಫೋನಿಟ್ಟರು.

ಲಾಕಪ್ಪಿನ ಬಳಿ ಹೋಗಿ ಅವನಿಗೂ ಹೇಳಿದರು.

“ಯಾರ್ಯಾರು?” ಅವನು ಎದ್ದು ಕಂಬಿಯ ಹತ್ತಿರ ಬಂದ.

“ಒಬ್ಬರು ಕೋಲು ಹಿಡಿದ ಮುದುಕರಂತೆ.”

ಅವರಲ್ಲಿ ಒಬ್ಬರ ಮುಖವನ್ನೂ ಅವನು ಕಂಡವನಲ್ಲ. ಸ್ವಲ್ಪ ಯೋಚಿಸಿ ಕೇಳಿದ: “ಮಾತಿಗೆ ಮುಂಚೆ ಕೆಮ್ಮಿದ್ರಂತಾ?”

“ಕೇಳಲಿಲ್ಲ,” ಎಂದರು ಇನ್‌ಸ್ಪೆಕ್ಟರ್. ಆಮೇಲೆ ದಫೇದಾರರನ್ನು ಕರೆದು, ನ್ಯಾಯಾಲಯಕ್ಕೆ ಹೊರಡುವ ಮುನ್ನ ಆಸ್ಪತ್ರೆಗೊಂದು ಫೋನು ಹಚ್ಚಲು ಹೇಳಿದರು.