ಮಾತುಗಳನ್ನೆಲ್ಲ ನುಂಗಿದ ‘ಸೆಟ್ಟು’

ಈ ಕತೆಯ ಒಂದೊಂದು ಅಕ್ಷರವೂ ನಿಜ. ಸುಳ್ಳಾಗಿದ್ದರೆ ನನ್ನ ಎಡಮೀಸೆ ಬೋಳಿಸಿಬಿಡಿ. ಬಲಮೀಸೆಯನ್ನು ನಾನೇ ಬೋಳಿಸಿಕೊಂಡು ಬರುತ್ತೇನೆ.

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರೇ ಇರದ ಕಾಲದಲ್ಲಿ, ಗೊಂಚಲಪುರ ಎಂಬ ರಾಜ್ಯವಿತ್ತು. ಅದಕ್ಕೆ ತುಂಬಿಲರಾಯ ರಾಜ. ಅವನ ಆನೆಲಾಯದಲ್ಲಿ ಕೆಂಚವ್ವ ಎಂಬ ಹೆಣ್ಣಾನೆ, ಅವಳಿಗೆ ಜಡಿಯ ಎಂಬ ಮಾವುತ. ಜಡಿಯನಿಗೆ ಹೆಂಡತಿ ಮಕ್ಕಳಿಲ್ಲ. ತಾಯಿ ಎಂದರೂ ಅವಳೇ, ಮಗಳು ಎಂದರೂ ಅವಳೇ.

ಒಂದು ಸಂಜೆ ಜಡಿಯ, “ಎತ್ತವ್ವಾ” ಅಂದ. ತನ್ನ ಮೇಲೆ ಹತ್ತಲಿ ಎಂದು ಕೆಂಚವ್ವ ಮುಂಗಾಲು ಎತ್ತಿದಳು. ಅದೇ ಗಳಿಗೆಗೆ ಗುಳುಂಗನೆಂಬ ಮಾಂತ್ರಿಕ ಊರಬಾಗಿಲಲ್ಲಿ ಒಂದು ತಗಡಿನ ಡಬ್ಬಿ ತೆರೆದ. ಒಳಗಿಂದ ಕಪ್ಪೆಯಷ್ಟು ದೊಡ್ಡ ಪ್ರಾಣಿಯೊಂದು ಕುಪ್ಪಳಿಸಿ ಬಂತು. ಅದು ಏಳು ಸಮುದ್ರದಾಚೆಯ ಇಂಗ್ಲಿಷಿನ ಒಂದು ಮಾತು. ಹೆಸರು ‘ಸೆಟ್ಟು’. ಅಲ್ಲಿಯವರು ಬಟ್ಟಲು ಇಡುವುದಕ್ಕೂ ಅದನ್ನೇ ಅನ್ನುತ್ತಿದ್ದರು, ಬಲೆ ಹೂಡುವುದಕ್ಕೂ ಅದನ್ನೇ, ಮುರಿದ ಮೂಳೆ ಕೂಡಿಸುವುದಕ್ಕೂ ಅದನ್ನೇ. ಹೊತ್ತು ಮುಳುಗಿದರೂ ಅದೇ, ಮೊಸರು ಹೆಪ್ಪಾದರೂ ಅದೇ. ಅಷ್ಟು ಅರ್ಥ ಹೊರಬೇಕಲ್ಲ, ಹಾಗಾಗಿ ಮಹಾ ಹೊಟ್ಟೆಬಾಕ. ಬಂದದ್ದೇ ಜನರ ನಾಲಿಗೆಯ ಮೇಲಿನ ‘ಇಡು’ ನುಂಗಿತು. ಕಾಲು ಕೆಳಗಿಳಿಸು ಎನ್ನುವ ‘ಊರು’ ನುಂಗಿತು. ಹೂಡು, ನೆಡು, ಜೋಡಿಸು, ಮುಳುಗು, ಹೆಪ್ಪು... ಗುಳುಂ, ಗುಳುಂ! ಕಪ್ಪೆ ಹೋಗಿ ಕೋಣದಷ್ಟಾಯಿತು.

ಆಮೇಲೆ ನೋಡಿ ಫಜೀತಿ. ಅತ್ತೆ, “ಪಾತ್ರೆ ಸೆಟ್ಟು ಮಾಡೇ” ಅಂದರೆ ಸೊಸೆ ಅದನ್ನು ಅಂಗಳದಲ್ಲಿ ನೆಟ್ಟು ನೀರು ಹಾಕಿದಳು. ಸೇನಾಪತಿ, “ಬಾಣ ಸೆಟ್ಟು ಮಾಡಿ!” ಎಂದು ಗುಡುಗಿದರೆ ಸೈನಿಕರು ಬಾಣಗಳನ್ನು ಅಂದವಾಗಿ ಸಾಲಾಗಿ ಜೋಡಿಸಿ, “ಚೆನ್ನಾಗಿದೆಯಾ ಒಡೆಯ?” ಅಂದರು. ಸೂರ್ಯನಿಗೂ ಏನು ಮಾಡಬೇಕೆಂದು ತೋಚದೆ ಬೆಟ್ಟದ ನೆತ್ತಿಯ ಮೇಲೆ ತಲೆ ಕೆರೆಯುತ್ತ ನಿಂತುಬಿಟ್ಟ. ಹಾಲು ಹಾಲಾಗಿಯೇ ಉಳಿಯಿತು.

ಇತ್ತ ಲಾಯದಲ್ಲಿ ಜಡಿಯ, ಈ ಗದ್ದಲಕ್ಕೆ ಏರದೆ ನಿಂತು, ಎತ್ತಿದ ಕಾಲು ಇಳಿಸಲಿ ಎಂದು, “ಸೆಟ್ಟು ಅವ್ವಾ, ಸೆಟ್ಟು!” ಅಂದ. ಕೆಂಚವ್ವ ಕಾಲನ್ನು ಇನ್ನೂ ಮೇಲೆತ್ತಿದಳು. ಮೆಲ್ಲಗೆ ಅಂದ, ಗದರಿ ಅಂದ, ಕೊನೆಗೆ ಹಾಡಿಯೂ ಅಂದ. ಅವಳು ಕಿವಿ ಬೀಸುತ್ತ ಅವನನ್ನೇ ನೋಡಿದಳು. ನಾಲ್ಕು ಊಟದ ಹೊತ್ತು ಕಳೆಯಿತು. ಉಳಿದ ಮೂರು ಕಾಲು ನಡುಗತೊಡಗಿದವು. ಬಿದ್ದರೆ ಅವಳು ಮತ್ತೆ ಏಳುವವಳಲ್ಲ.

ಜಡಿಯ ಅರಮನೆಗೆ ಓಡಿದ. ಬಾಣ ಹೂಡುವವರೇ ಇಲ್ಲದ ಅರಮನೆಯನ್ನು ಹಿಡಿದು ಸಿಂಹಾಸನದಲ್ಲಿ ಗುಳುಂಗ ಕೂತಿದ್ದ. ರಾಜ ಅವನ ಕಾಲು ಒತ್ತುತ್ತಿದ್ದ.

“ಇದೇನು, ಬುದ್ಧೀ?” ಎಂದು ಜಡಿಯ ರಾಜನನ್ನು ಕೇಳಿದ.

“ಒತ್ತು ಅನ್ನೋ ಮಾತೊಂದು ಉಳಿದದ್ದೇ ತಪ್ಪಾಯ್ತು ಕಣಯ್ಯಾ” ಎಂದು ರಾಜ ನಿಟ್ಟುಸಿರುಬಿಟ್ಟ.

ನುಂಗಿದ ಮಾತು ವಾಪಸ್ ಕೊಡು ಎಂದು ಜಡಿಯ ಕೇಳಿದ್ದಕ್ಕೆ ಗುಳುಂಗ ನಕ್ಕ. “ನಿಂತುಹೋದ ಮೂರನ್ನು ಸರಿಮಾಡು: ಹಾಲು, ಹೊತ್ತು, ಆನೆ. ಗೆದ್ದರೆ ನುಂಗಿದ್ದೆಲ್ಲ ವಾಪಸ್. ಸೋತರೆ ನೀನೂ ನಿನ್ನ ಆನೆಯೂ ನನ್ನವು.”

ಮೊದಲು ಹಾಲು. ಹಾಲಿನ ಮನೆಯ ಸಣ್ಣಜ್ಜಿ ಗಡಿಗೆಯ ಮುಂದೆ ಕೂತು, “ಸೆಟ್ಟಾಗಪ್ಪಾ” ಎಂದು ಬೇಡುತ್ತಿದ್ದಳು.

“ಅಜ್ಜೀ, ಹಾಲಿಗೆ ಕಿವಿ ಎಲ್ಲಿದೆ? ಬಾಯಿ ಮುಚ್ಚಿಕೊಂಡು ದಿನಾ ಕೈಯಲ್ಲಿ ಮಾಡ್ತಿದ್ದದ್ದನ್ನೇ ಮಾಡು.”

“ನನ್ನ ಬಾಯಿ ಮುಚ್ಚಿಸೋದು ನನ್ನ ಗಂಡನಿಗೇ ಆಗಲಿಲ್ಲ” ಎಂದು ಗೊಣಗಿ, ಅಜ್ಜಿ ಬೆಚ್ಚನೆಯ ಹಾಲಿಗೆ ಒಂದು ಹನಿ ಹಳೆ ಮೊಸರು ಬಿಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲು ಗಟ್ಟಿಯಾಯಿತು. ಪ್ರಾಣಿ ಬಿಕ್ಕಳಿಸಿತು, ಅದರ ಬಾಯಿಂದ ‘ಹೆಪ್ಪು’ ಹಾರಿಬಂತು.

ಆಮೇಲೆ ಹೊತ್ತು. ಜಡಿಯ ಊರಿನವರನ್ನೆಲ್ಲ ಬೀದಿಯಲ್ಲೇ ಮಲಗಿಸಿ ಗೊರಕೆ ಹೊಡೆಸಿದ. ಉಳಿದವರದು ನಾಟಕ, ಕಾಲು ಒತ್ತಿ ದಣಿದಿದ್ದ ರಾಜನದು ಮಾತ್ರ ಅಸಲಿ. “ಓಹೋ, ರಾತ್ರಿಯಾಗಿಬಿಟ್ಟಿದೆ!” ಎಂದು ನಾಚಿ ಸೂರ್ಯ ಬೆಟ್ಟದ ಹಿಂದೆ ಜಾರಿದ. ‘ಮುಳುಗು’ ಹೊರಗೆ ಬಿತ್ತು. ತಡವಾಗಿದ್ದ ಬೆಳಗೂ ಹಿಂದೆಯೇ ಓಡಿಬಂತು.

ಕೊನೆಗೆ ಕೆಂಚವ್ವ. “ಇವಳಿಗೆ ಮೊರದಷ್ಟಗಲ ಕಿವಿ ಇದೆಯಲ್ಲ, ಕೂಗು ಮತ್ತೆ!” ಎಂದು ಗುಳುಂಗ ಕೆಣಕಿದ. ಜಡಿಯ ಕೂಗಲಿಲ್ಲ. ದಿನಾ ಅವಳು ಕಾಲು ಎತ್ತಿದ ಮೇಲೆ ತಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದ. ಮಾವುತ ಕುತ್ತಿಗೆ ಏರುವ ತನಕ ಎತ್ತಿದ ಕಾಲು ಇಳಿಸಬಾರದು ಎಂದು ಮರಿಯಾಗಿದ್ದಾಗಲೇ ಅವಳಿಗೆ ಕಲಿಸಿದವನು ಅವನೇ. ಅವಳು ಇಷ್ಟು ಹೊತ್ತೂ ಕಾಯುತ್ತಿದ್ದದ್ದು ಅವನನ್ನು.

“ಏರಬೇಡವೋ, ನಿನ್ನ ಭಾರಕ್ಕೆ ಬಿದ್ದುಬಿಡ್ತಾಳೆ!” ರಾಜ ಚೀರಿದ.

ಜಡಿಯ ಅವಳ ಮೊಣಕಾಲಿನ ಮೇಲೆ ಪಾದ ಇಟ್ಟ. ಅವಳ ಮೈಯೆಲ್ಲ ನಡುಗಿತು, ಬೀಳಲಿಲ್ಲ. ಕಿವಿ ಹಿಡಿದು ಮೇಲೇರಿ, ಕುತ್ತಿಗೆಯ ಮೇಲೆ ಕೂತು, ಕಾಲ್ಬೆರಳನ್ನು ಅವಳ ಕಿವಿಯ ಹಿಂದೆ ಒತ್ತಿದ. ಕೆಂಚವ್ವ ಉದ್ದಕ್ಕೆ ಉಸಿರುಬಿಟ್ಟು ಕಾಲು ಊರಿದಳು.

ಧಡ್! ಭೂಮಿ ಅದುರಿದ ರಭಸಕ್ಕೆ ಪ್ರಾಣಿ ನುಂಗಿದ ಮಾತನ್ನೆಲ್ಲ ಕಾರಿಕೊಂಡಿತು. “ಇವನನ್ನು ಸೆರೆಮನೆಯಲ್ಲಿ ಇಡಿ!” ಎಂದ ರಾಜ, ಗುಳುಂಗನನ್ನು ತೋರಿಸಿ. ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು.

ಸೊರಗಿ ಕಪ್ಪೆಯಷ್ಟಾದ ‘ಸೆಟ್ಟು’ ಮೂಲೆಯಲ್ಲಿ ಅಳುತ್ತಿತ್ತು. “ಪರದೇಶಿ, ಪಾಪ” ಎಂದು ಸಣ್ಣಜ್ಜಿ ಮೆತ್ತನೆಯ ಮೂರು ದೋಸೆ ಒಂದರ ಮೇಲೊಂದು ಹಾಕಿ, ಇದರ ಹೆಸರಿನ ಮುಂದೆ ಇರು ಎಂದು ಅದಕ್ಕೊಂದು ಕೆಲಸ ಕೊಟ್ಟಳು. ಕೆಂಚವ್ವ ಅಂಥ ಮುನ್ನೂರು ತಟ್ಟೆ ದೋಸೆಯನ್ನು ಸಾಗುವಿನ ಜೊತೆ ತಿಂದು, ಜಡಿಯನನ್ನು ಹೊತ್ತುಕೊಂಡು ಹೊಳೆಗೆ ಹೋದಳು. ರಾಜ್ಯವೆಲ್ಲ ಸುಖವಾಗಿತ್ತು.

ಒಂದು ಸಣ್ಣ ವಿಷಯ ಮಾತ್ರ ನಾನೇ ಸೇರಿಸಿದ್ದು, ಒಪ್ಪಿಕೊಳ್ಳುತ್ತೇನೆ. ಸಾಗು ಇರಲಿಲ್ಲ. ಬರೀ ಚಟ್ನಿ.