ಎರಡು ಕೈಗಳ ನಾಣ್ಯ

ಕರಗಿದ ಜೇನುಮೇಣ, ಬೆವರಿದ ಅಂಗೈ, ಅದರೊಳಗೆ ಬಿಸಿಯಾದ ಹಿತ್ತಾಳೆ. ಚಿಕ್ಕಂದಿನಲ್ಲಿ, ಚಿಕ್ಕಮ್ಮನ ಮದುವೆಯ ದಿನ, ಅವಳ ಕೈಗೆ ಮೂಗಿಟ್ಟು ಮೂಸಿದ ಈ ವಾಸನೆಯನ್ನು ಇನ್‌ಸ್ಪೆಕ್ಟರ್ ಎರ್ಸಿಲಿಯ ಮರೆತಿರಲಿಲ್ಲ. ಅವಳ ಊರಾದ ಕಾಸ್ತೆಲ್ವೆರ್ನೊದಲ್ಲಿ ವಧೂವರರು ಕೈಹಿಡಿಯುವಾಗ ಅಂಗೈಗಳ ನಡುವೆ ಹಳೆಯ ರೋಮನ್ ನಾಣ್ಯವೊಂದನ್ನು ಇಡುತ್ತಿದ್ದರು. ತಲೆಮಾರುಗಳ ಮೇಣ ಮೆತ್ತಿ, ಬೆರಳಿಗೆ ಸಿಗುತ್ತಿದ್ದುದು ಕೂಡಿದ ಎರಡು ಕೈಗಳು ಮಾತ್ರ. ಹತ್ತು ವರ್ಷದ ಹಿಂದೆ ಅದು ಊರ ಮ್ಯೂಸಿಯಂ ಸೇರಿತು. ಪದ್ಧತಿ ಅಲ್ಲಿಗೆ ನಿಂತಿತು.

೧೯೯೪ರ ಮೇ ೧೪, ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಮ್ಯೂಸಿಯಂ ನೋಡಿಕೊಳ್ಳುವ ಕ್ವಿರೀನೊ ಮೇಷ್ಟ್ರು ಏದುಸಿರು ಬಿಡುತ್ತ ಠಾಣೆಗೆ ಬಂದರು.

“ನೆರ್ವ ಹೋದ ಮೇಡಂ!”

ಕಾನ್‌ಸ್ಟೇಬಲ್ ಬಾಲ್ದೊ ಟೋಪಿ ತೆಗೆದ. “ಅಯ್ಯೋ ಪಾಪ, ಯಾವಾಗ ತೀರ್ಕೊಂಡ್ರು?”

“ಸಾವಿರದ ಒಂಬೈನೂರು ವರ್ಷದ ಹಿಂದೆ ಕಣಯ್ಯ! ಚಕ್ರವರ್ತಿ ಆತ. ಅವನ ನಾಣ್ಯ ಕದ್ದಿದಾರೆ!”

ಎಫ್‌ಐಆರ್ ದಾಖಲಾಯಿತು. ಸ್ಥಳಪರೀಕ್ಷೆಯಲ್ಲಿ ಗಾಜು ಒಡೆದಿರಲಿಲ್ಲ. ಬೀಗ ಕೀಲಿಯಿಂದಲೇ ತೆರೆದಿತ್ತು. ಪಕ್ಕದ ಚಿನ್ನದ ನಾಣ್ಯವನ್ನು ಯಾರೂ ಮುಟ್ಟಿರಲಿಲ್ಲ.

“ಕಳುವಾದದ್ದರ ಹಿಂಬದಿ ಏನಿತ್ತು?” ಎರ್ಸಿಲಿಯ ಕೇಳಿದಳು.

“ಕೂಡಿಸಿದ ಎರಡು ಕೈ.”

“ನಮ್ಮ ಮದುವೆ ನಾಣ್ಯಾನಾ?”

“ಅಲ್ಲ ಮೇಡಂ. ಅದು ಇಲ್ಲಿದೆ ನೋಡಿ.” ಮೇಷ್ಟ್ರು ಆಚೆಯ ಪೆಟ್ಟಿಗೆ ತೋರಿಸಿದರು. ಮೇಣ ತೆಗೆದ ಮೇಲೆ ರಾಜ ರಾಣಿ ಪೂರ್ತಿಯಾಗಿ ಮೂಡಿ ನಿಂತಿದ್ದರು. ಎರ್ಸಿಲಿಯಳಿಗೇ ಗುರುತು ಸಿಗಲಿಲ್ಲ.

“ಇನ್ನೊಂದು ಕೀಲಿ?”

“ಕಸ ಗುಡಿಸೋ ಜೆಲಿಂದಜ್ಜಿ ಹತ್ರ. ಇವತ್ತು ರಜ. ಮೊಮ್ಮಗಳು ಲೊರೆದಾನಳ ಮದುವೆ, ಹನ್ನೊಂದಕ್ಕೆ.”

ಎರ್ಸಿಲಿಯ ಗಡಿಯಾರ ನೋಡಿದಳು. “ಈ ನಾಣ್ಯಾನೂ ತಗೊಂಡು ಬನ್ನಿ ಮೇಷ್ಟ್ರೇ. ಹೋಲಿಸಿ ನೋಡೋಕೆ ಬೇಕು.” ಹೋಲಿಕೆ ಅಷ್ಟೇನೂ ಅಗತ್ಯವಿರಲಿಲ್ಲ. ಬಾಲ್ದೊಗೆ ಅದು ಗೊತ್ತಿತ್ತು. ಜೀಪಿನ ಬಾಗಿಲು ತೆರೆದ.

ಚರ್ಚಿನ ಅಂಗಳದಲ್ಲಿ ಜೆಲಿಂದಜ್ಜಿ ಬಲಗೈ ಮುಷ್ಟಿ ಬಿಗಿಹಿಡಿದು ವಧುವಿನ ಪಕ್ಕ ನಿಂತಿದ್ದಳು.

“ಮುಷ್ಟಿ ಬಿಚ್ಚಿ ಅಜ್ಜಿ.”

“ಮದುವೆ ಮುಗೀಲಿ ತಾಯಿ. ಆಮೇಲೆ ಬೇಕಾದ್ರೆ ಗಲ್ಲಿಗೆ ಹಾಕು.”

“ಕೇಳಬಾರದಿತ್ತಾ ನನ್ನ?” ಎಂದರು ಮೇಷ್ಟ್ರು.

“ಮೂರು ಸಲ ಕೇಳಿದ್ದೆ. ಗಾಜಿನಿಂದಾಚೆ ಬರಲ್ಲ ಅಂದ್ರಿ.”

ಅಜ್ಜಿ ಮುಷ್ಟಿ ಬಿಚ್ಚಿದಳು. ಮೇಷ್ಟ್ರು ನಾಣ್ಯದ ಮೇಲೆ ಭೂತಗನ್ನಡಿ ಹಿಡಿದರು. “ಗಿಣಿಮೂಗು, ಗಡ್ಡವಿಲ್ಲ. ನೆರ್ವನೇ. ಹಿಂದಿರೋದು ಸೈನಿಕರ ಒಗ್ಗಟ್ಟಿನ ಗುರುತು. ಅಜ್ಜೀ, ಮಕ್ಕಳಿಗೆ ಮದುವೆ ಮಾಡ್ತಿದ್ರೋ, ಸೈನ್ಯಕ್ಕೆ ಸೇರಿಸ್ತಿದ್ರೋ?”

“ಅದಕ್ಕೇ ಬೆಳಿಗ್ಗೆಯಿಂದ ಇವಳು ಹುಕುಂ ಮಾಡ್ತಿದಾಳೆ!” ಎಂದ ವರ. ಅಂಗಳವೆಲ್ಲ ನಕ್ಕಿತು.

ಅಜ್ಜಿ ನಗಲಿಲ್ಲ. “ಹಾಗಾದ್ರೆ ನಮ್ಮದೆಲ್ಲಿ?”

ಮೇಷ್ಟ್ರು ಜೇಬಿನಿಂದ ಇನ್ನೊಂದನ್ನು ತೆಗೆದರು. “ಈ ಗಡ್ಡದವನು ಅಂತೊನೀನಸ್. ಹಿಂದೆ ಅವನೂ ಹೆಂಡತಿ ಫೌಸ್ತೀನಳೂ ಕೈಹಿಡಿದಿದಾರೆ. ಅವರ ಕೆಳಗೆ ನೋಡಿ, ಪುಟ್ಟದೊಂದು ಮದುವೆ ಜೋಡಿ.”

ಅಜ್ಜಿ ನೋಡಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. “ಇದೇ! ಇದೇ ಕಣೇ ಲೊರೆದಾನ!”

“ಪಂಚನಾಮೆ ಬರೆಯೋಕೆ ಎಷ್ಟು ಹೊತ್ತು ಬೇಕು ಬಾಲ್ದೊ?” ಎರ್ಸಿಲಿಯ ಕೇಳಿದಳು.

“ಒಂದು ಮದುವೆ ಮುಗಿಯೋಷ್ಟು ಮೇಡಂ.”

ಮೇಷ್ಟ್ರು ಅಜ್ಜಿಯ ಕೈಯಿಂದ ಅದನ್ನು ತೆಗೆದುಕೊಂಡರು. ಆಮೇಲೆ ತಾವೇ ನಾಣ್ಯವನ್ನು ವಧುವಿನ ಅಂಗೈಯಲ್ಲಿಟ್ಟರು.

ಗಂಟೆ ಬಾರಿಸಿ, ಅಕ್ಕಿ ಎರಚಿ ಆದ ಮೇಲೆ ಅಜ್ಜಿಯ ಬಂಧನವಾಯಿತು. ಮಧ್ಯಾಹ್ನ ಒಂದಕ್ಕೆ ಠಾಣೆಯಲ್ಲಿ ಹೇಳಿಕೆ ಕೊಟ್ಟಳು. “ನನ್ನ ಮದುವೆ ಯುದ್ಧದ ವರ್ಷ. ನಾಣ್ಯ ಎಲ್ಲೋ ಹೂತಿಟ್ಟಿದ್ರು. ಕೋಟಿನ ಗುಂಡಿ ಹಿಡ್ಕೊಂಡು ಮದುವೆಯಾದ್ವಿ. ಜಗಳ ಬಂದಾಗೆಲ್ಲ ನಮ್ಮೆಜಮಾನರು, ‘ಗುಂಡಿ ಮದುವೆ ಕಣೇ ನಮ್ದು, ಇನ್ನೇನಾಗುತ್ತೆ’ ಅಂತಿದ್ರು. ತಮಾಷೆಗೇ. ಆದ್ರೂ ಚುಚ್ಚೋದು. ತಾಯಿಯಿಲ್ಲದ ಹುಡುಗಿ ನಮ್ಮ ಲೊರೆದಾನ. ಅವಳಿಗೆ ಆ ಮಾತು ಬೇಡ ಅಂತ.”

ಎರ್ಸಿಲಿಯ ಅದನ್ನು ಒಂದಕ್ಷರವೂ ಬಿಡದೆ ಬರೆದುಕೊಂಡಳು. ಬಿಡುಗಡೆಗೆ ಇನ್ನು ನ್ಯಾಯಾಧೀಶರ ಫೋನು ಬರಬೇಕಿತ್ತು. ಕಿಟಕಿಯಾಚೆ ಚೌಕದಲ್ಲಿ ಔತಣದ ಸದ್ದು, ಅಕಾರ್ಡಿಯನ್ ಸದ್ದು. ಅಜ್ಜಿಯ ಕಾಲು ತಾಳ ಹಾಕುತ್ತಿತ್ತು.

ಬಾಗಿಲು ಮೆಲ್ಲನೆ ತೆರೆಯಿತು. ದೂರು ಕೊಟ್ಟ ಕ್ವಿರೀನೊ ಮೇಷ್ಟ್ರೇ. ಮಡಿಲಿಗೆ ಕರವಸ್ತ್ರ ಹಾಸಿ, ಬಿಸಿ ಕುರಿಮಾಂಸದ ತಟ್ಟೆಯನ್ನು ಅಜ್ಜಿಯ ಕೈಗಿತ್ತರು. ಹಲ್ಲಿಲ್ಲದ ಬಾಯಿಗೆಂದು ಬ್ರೆಡ್ಡನ್ನು ಮೊದಲೇ ಚೂರು ಮಾಡಿದ್ದರು.